‘ಗೊಸ್ಪೊದಾರ್’ ಎಂಬ ಯಜಮಾನ

ಪ್ರಶ್ನೆ: ಯಜಮಾನ, ಒಡೆಯ ಎಂಬ ಅರ್ಥಗಳ ಸುತ್ತ ಬಳಕೆಯಾಗುವ ರಷ್ಯನ್ನಿನ ‘ಗೊಸ್ಪೊದಿನ್’, ಪೋಲಿಷ್‌ನ ‘ಗೊಸ್ಪೊದಾಶ್’, ಜೆಕ್‌ನ ‘ಹೊಸ್ಪೊದಾರ್ಶ್’ ಒಂದೇ ಮೂಲದವೇ? ಸಂಸ್ಕೃತದ ‘ಗೋಪತಿ’ಯಿಂದ ಬಂದವು ಎನ್ನುತ್ತಾರಲ್ಲ?

ಉತ್ತರ: ಮೂರೂ ಒಂದೇ ಬೇರಿನವು. ಆದರೆ ‘ಗೋಪತಿ’ಯೊಂದಿಗೆ ನಂಟಿರುವುದು ‘ಪತಿ’ಯ ಕಡೆಯಿಂದ ಮಾತ್ರ, ಹಸುವಿನ ಕಡೆಯಿಂದಲ್ಲ. ಪದವನ್ನು ‘ಗೊ’ ಎಂಬಲ್ಲಿ ಕತ್ತರಿಸಿದರೆ ನಡುವಿನ ‘ಸ್’ ಅನಾಥವಾಗುತ್ತದೆ. ‘ಗೊಸ್ತ್’, ‘ಪೊತ್’ ಎಂದು ಬಿಡಿಸಬೇಕು. ‘ಗೊಸ್ತ್’ ಎಂದರೆ ರಷ್ಯನ್ನಿನಲ್ಲಿ ಇಂದಿಗೂ ಅತಿಥಿ. ಇಂಗ್ಲಿಷಿನ ‘ಗೆಸ್ಟ್’ ಅದರ ದಾಯಾದಿ. ‘ಪೊತ್’ ಎಂದರೆ ಒಡೆಯ. ಸಂಸ್ಕೃತದ ‘ಪತಿ’ ಅದೇ. ಋಗ್ವೇದದ ‘ದಂಪತಿ’ಗೆ ಮನೆಯೊಡೆಯ ಎಂಬ ಅರ್ಥವೂ ಇದೆ. ಅತಿಥಿ, ಆತಿಥೇಯ ಎರಡೂ ಅರ್ಥವಿರುವ ಲ್ಯಾಟಿನ್ನಿನ ‘ಹೋಸ್ಪೆಸ್’ ಕೂಡ ಇದೇ ಎರಡು ತುಂಡುಗಳ ಜೋಡಣೆ. ಅದರ ಷಷ್ಠಿ ರೂಪ ‘ಹೋಸ್ಪಿಟಿಸ್’ ನೋಡಿದರೆ ಅಡಗಿದ್ದ ‘ತ’ಕಾರ ಹೊರಬರುತ್ತದೆ.

ಕಗ್ಗಂಟಿರುವುದು ಇಲ್ಲೇ. ರಷ್ಯನ್, ಪೋಲಿಷ್, ಜೆಕ್ ಸೇರಿದ ಭಾಷಾಕುಲವಾದ ಸ್ಲಾವಿಕ್‌ನಲ್ಲಿ ಹಳೆಯ ‘ತ’ ಸಾಮಾನ್ಯವಾಗಿ ‘ತ’ ಆಗಿಯೇ ಉಳಿಯುತ್ತದೆ. ಹಾಗಾದರೆ ‘ಗೊಸ್ಪೊತ್’ ಇರಬೇಕಿತ್ತು, ಇರುವುದು ‘ಗೊಸ್ಪೊದ್’. ಇರಾನಿ ಅಥವಾ ಜರ್ಮಾನಿಕ್ ಭಾಷೆಯಿಂದ ಎರವಲು ಬಂದಿತೆಂದು ಕೆಲವರು, ಸ್ಲಾವಿಕ್ ಒಳಗೇ ಬದಲಾಯಿತೆಂದು ಇನ್ನು ಕೆಲವರು ವಾದಿಸುತ್ತಾರೆ, ಒಮ್ಮತವಿಲ್ಲ. ಈ ‘ದ’ಕಾರವನ್ನು ಮುಟ್ಟದೆ ಮುಂದೆ ಹೋಗುವ ಯಾವ ವ್ಯುತ್ಪತ್ತಿಯನ್ನೂ ನಂಬಬೇಡಿ.

ಇನ್ನೊಂದು ಎಚ್ಚರ: ಜೆಕ್‌ನ ‘ಹ’ವನ್ನು ಲ್ಯಾಟಿನ್ನಿನ ‘ಹ’ಕ್ಕೆ ಗಂಟುಹಾಕಬಾರದು. ಜೆಕ್, ಸ್ಲೋವಾಕ್, ಉಕ್ರೇನಿಯನ್‌ಗಳಲ್ಲಿ ‘ಗ’ವೇ ತಡವಾಗಿ ‘ಹ’ ಆಯಿತು. ಲ್ಯಾಟಿನ್ನಿನದು ಈ ಭಾಷೆಗಳಿಗೆಲ್ಲ ಮೂಲವಾದ ಹಳೆಯ ಭಾಷೆಯ ‘ಘ’ದಿಂದ ಬಂದದ್ದು.

ಅತಿಥಿಯನ್ನು ಕಾಯುವವನು ಮನೆಗೆ ಯಜಮಾನ, ಆಮೇಲೆ ನಾಡಿಗೆ ದೊರೆ. ‘ಗೊಸ್ಪೊದ್’ ಚರ್ಚಿನ ಪ್ರಾರ್ಥನೆಯಲ್ಲಿ ದೇವರಾದ. ‘ಆರ್’ ಪ್ರತ್ಯಯ ಸೇರಿದ ‘ಗೊಸ್ಪೊದಾರ್’ ಇಂದಿನ ರೊಮೇನಿಯಾ, ಮಾಲ್ಡೋವಾ ಕಡೆಯ ಹಳೆಯ ಸಂಸ್ಥಾನಗಳಾದ ವಲಾಕಿಯಾ, ಮೊಲ್ದಾವಿಯಾಗಳ ಅರಸರ ಬಿರುದಾಯಿತು. ಮಾಸ್ಕೋದಲ್ಲಿ ಸವೆದು ‘ಗೊಸುದಾರ್’ ಆಯಿತು. ರಾಜ್ಯ, ಸರ್ಕಾರವೆಂಬ ಅರ್ಥದ ರಷ್ಯನ್ ‘ಗೊಸುದಾರ್ಸ್ತ್ವೊ’ ಅದರ ಮಗು. ಹಳೆಯ ಅರ್ಥಕ್ಕೆ ಹತ್ತಿರ ಉಳಿದದ್ದು ಪೋಲಿಷ್: ಅಲ್ಲಿ ‘ಗೊಸ್ಪೊದಾಶ್’ ಮನೆಯಾತನೂ ಹೌದು, ಹೊಲದ ಒಡೆಯನೂ ಹೌದು, ‘ಗೊಸ್ಪೊದಾರ್ಕಾ’ ಅರ್ಥವ್ಯವಸ್ಥೆ. ಜೆಕ್‌ನಲ್ಲಿ ‘ಹೊಸ್ಪೊದಾ’ ಈಗ ಬಿಯರ್ ಅಂಗಡಿ.

ಪ್ರಶ್ನೆ: ರಷ್ಯನ್ನರು ಮನೆ ಮಾಲೀಕನಿಗೆ ಹೇಳುವ ‘ಖೊಜ್ಯಾಯಿನ್’ ಇದೇ ಕುಟುಂಬದ್ದೇ?

ಉತ್ತರ: ಅಲ್ಲ. ಅದು ಪರ್ಷಿಯನ್ನಿನ ‘ಖ್ವಾಜಾ’, ತುರ್ಕಿ ಕುಲದ ಭಾಷೆಗಳ ಮೂಲಕ ರಷ್ಯಕ್ಕೆ ಹೋದದ್ದು. ಕಲಬುರಗಿಯ ಖ್ವಾಜಾ ಬಂದೇನವಾಜರ ಹೆಸರಿನ ಮೊದಲಿಗೆ ಇರುವುದೂ ಅದೇ ಪದ. ಕೊನೆಯ ‘ಇನ್’ ಮಾತ್ರ ರಷ್ಯನ್ ಪ್ರತ್ಯಯ. ಬಹುವಚನ ‘ಖೊಜ್ಯಾಯೆವಾ’ದಲ್ಲಿ ಅದು ಕಳಚಿಬೀಳುತ್ತದೆ.