ಕಂಪನಿಗೆ ಸಿಗುವ ರಕ್ಷಣೆ ಜಾಮೀನು ಹಾಕಿದವರಿಗೂ ಸಿಗುತ್ತದೆಯೇ?

ಪ್ರಶ್ನೆ: ದಕ್ಷಿಣ ಆಫ್ರಿಕಾದಲ್ಲಿ ನಮ್ಮದೊಂದು ಪ್ಯಾಕೇಜಿಂಗ್ ಕಂಪನಿ ಇದೆ. ದೊಡ್ಡ ಗಿರಾಕಿಯೊಬ್ಬರು ಆರ್ಡರ್ ನಿಲ್ಲಿಸಿದ್ದಾರೆ. ಈ ತಿಂಗಳ ಸಂಬಳಕ್ಕೆ ದುಡ್ಡಿದೆ, ಮೂರು ತಿಂಗಳ ಮೇಲೆ ಅನುಮಾನ. ಬಿಸಿನೆಸ್ ರೆಸ್ಕ್ಯೂಗೆ, ಅಂದರೆ ಸಂಕಷ್ಟದಲ್ಲಿರುವ ಕಂಪನಿಯನ್ನು ಮುಚ್ಚದೆ ಉಳಿಸಿಕೊಳ್ಳಲು ಅಲ್ಲಿನ ಕಾನೂನು ಕೊಡುವ ದಾರಿಗೆ, ಈಗಲೇ ಹೋಗಬಹುದೇ? ಬ್ಯಾಂಕ್ ಸಾಲಕ್ಕೆ ನಾನು ವೈಯಕ್ತಿಕ ಜಾಮೀನು ಹಾಕಿದ್ದೇನೆ. ನನ್ನ ಮನೆ ಉಳಿಯುತ್ತದೆಯೇ?

ಉತ್ತರ: ಸಂಬಳ ಇನ್ನೂ ನಿಲ್ಲದಿರುವಾಗಲೇ ಕೇಳಿದ್ದೀರಿ, ಒಳ್ಳೆಯದಾಯಿತು. ಖಾತೆ ಬರಿದಾದ ಮೇಲೆ ಬರುವವರಿಗೆ ಮಾಡಿಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಅಲ್ಲಿನ 2008ರ ಕಂಪನಿ ಕಾಯ್ದೆಯ ಆರನೇ ಅಧ್ಯಾಯ ಮುಂದಿನ 6 ತಿಂಗಳನ್ನು ನೋಡುತ್ತದೆ. ಆ ಅವಧಿಯಲ್ಲಿ ಬಾಕಿಗಳನ್ನು ವಾಯಿದೆಗೆ ತೀರಿಸುವುದು ಅನುಮಾನ ಎನಿಸಿದರೆ ಸಾಕು, ಕಂಪನಿ ಸಂಕಷ್ಟದಲ್ಲಿದೆ ಎಂದೇ ಲೆಕ್ಕ. ಜೊತೆಗೆ ಅದನ್ನು ಉಳಿಸಬಹುದೆಂಬುದಕ್ಕೆ ಗಟ್ಟಿ ಆಧಾರವೂ ಬೇಕು. ಎರಡೂ ಇದ್ದರೆ ನಿರ್ದೇಶಕರ ಮಂಡಳಿಯೇ ನಿರ್ಣಯ ಮಾಡಿ ಕಂಪನಿ ನೋಂದಣಿ ಆಯೋಗಕ್ಕೆ ಸಲ್ಲಿಸಬಹುದು, ಕೋರ್ಟಿಗೆ ಹೋಗಬೇಕಿಲ್ಲ. ಆದರೆ ಅಷ್ಟರೊಳಗೆ ಸಾಲ ಕೊಟ್ಟವರು ಯಾರಾದರೂ ಕಂಪನಿ ಮುಚ್ಚಿಸಲು ಅರ್ಜಿ ಹಾಕಿಬಿಟ್ಟರೆ ಮಂಡಳಿಗೆ ಈ ದಾರಿ ಇಲ್ಲ.

ಸಲ್ಲಿಸಿದ 5 ಕೆಲಸದ ದಿನಗಳೊಳಗೆ ಎಲ್ಲ ಸಂಬಂಧಪಟ್ಟವರಿಗೆ ನೋಟಿಸು ಹೋಗಬೇಕು, ಕಂಪನಿಯನ್ನು ಉಳಿಸುವ ಹೊಣೆ ಹೊರುವ ಪ್ರಾಕ್ಟೀಷನರ್ ನೇಮಕವೂ ಆಗಬೇಕು. ತಪ್ಪಿದರೆ ನಿರ್ಣಯವೇ ಬಿದ್ದುಹೋಗುತ್ತದೆ, ಮತ್ತೆ 3 ತಿಂಗಳು ಕೋರ್ಟಿನ ಒಪ್ಪಿಗೆ ಇಲ್ಲದೆ ಇನ್ನೊಂದು ಸಲ್ಲಿಸುವಂತಿಲ್ಲ. ಆದ್ದರಿಂದ ಪ್ರಾಕ್ಟೀಷನರ್ ಯಾರೆಂದು ಮೊದಲೇ ಮಾತಾಡಿಟ್ಟುಕೊಳ್ಳಿ. ಅಂದಹಾಗೆ, ಸಂಕಷ್ಟ ಗೊತ್ತಿದ್ದೂ ನಿರ್ಣಯ ಮಾಡದೆ ಮುಂದುವರಿಯುವುದಾದರೆ ಅದಕ್ಕೆ ಕಾರಣ ಕೊಟ್ಟು ಸಂಬಂಧಪಟ್ಟವರೆಲ್ಲರಿಗೂ ಪತ್ರ ಬರೆಯಲೇಬೇಕು. ಸುಮ್ಮನಿರುವ ಆಯ್ಕೆ ಕಾನೂನಿನಲ್ಲಿಲ್ಲ.

ಆಮೇಲೆ ಆಡಳಿತದ ಹಿಡಿತ ಪ್ರಾಕ್ಟೀಷನರ್ ಕೈಗೆ ಹೋಗುತ್ತದೆ. ನೀವು ನಿರ್ದೇಶಕರಾಗಿಯೇ ಇರುತ್ತೀರಿ, ಅವರು ಹೇಳಿದಂತೆ ನಡೆಯಬೇಕಷ್ಟೆ. ಕಂಪನಿಯ ಮೇಲಿನ ವಸೂಲಿ ದಾವೆಗಳು ತಡೆಯಲ್ಲಿರುತ್ತವೆ, ನೌಕರರ ಕೆಲಸದ ಷರತ್ತುಗಳು ಹಾಗೆಯೇ ಮುಂದುವರಿಯುತ್ತವೆ. ಪುನಶ್ಚೇತನ ಯೋಜನೆ ಪಾಸಾಗಲು ಮತ ಹಾಕಿದ ಸಾಲದಾತರಲ್ಲಿ ಸಾಲದ ಮೌಲ್ಯದ ಲೆಕ್ಕದಲ್ಲಿ 75%ಕ್ಕಿಂತ ಹೆಚ್ಚಿನ ಬೆಂಬಲ ಬೇಕು. ಹಾಗಾಗಿ ದೊಡ್ಡ ಸಾಲ ಕೊಟ್ಟ ಬ್ಯಾಂಕು ಬೇಡ ಎಂದರೆ ಉಳಿದವರೆಲ್ಲ ಒಪ್ಪಿದರೂ ಸಾಲದಿರಬಹುದು. 3 ತಿಂಗಳಲ್ಲಿ ಮುಗಿಯಬೇಕೆಂಬುದು ಕಾಯ್ದೆಯ ಆಶಯ, ವಾಸ್ತವದಲ್ಲಿ ಎಳೆಯುತ್ತದೆ. ಸೌತ್ ಆಫ್ರಿಕನ್ ಏರ್‌ವೇಸ್ 2019ರ ಡಿಸೆಂಬರ್‌ನಲ್ಲಿ ಒಳಹೊಕ್ಕು ಹೊರಬಂದದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟು ದಿನ ಕಂಪನಿ ನಡೆಸಲು ದುಡ್ಡು ಎಲ್ಲಿಂದ ಎಂಬುದೇ ನಿಮ್ಮ ಮೊದಲ ಲೆಕ್ಕವಾಗಲಿ.

ಇನ್ನು ಮನೆಯ ವಿಷಯ. ಮನಸ್ಸಿಗೆ ಬೇಸರವಾದರೂ ನೇರವಾಗಿ ಹೇಳುತ್ತೇನೆ: ತಡೆ ಇರುವುದು ಕಂಪನಿಗೆ ಮಾತ್ರ. ಬ್ಯಾಂಕು ಜಾಮೀನುದಾರರಾದ ನಿಮ್ಮ ಮೇಲೆ ಬೇರೆಯಾಗಿ ದಾವೆ ಹೂಡಬಹುದು. ಯೋಜನೆ ಬರೆಯುವ ಹಂತದಲ್ಲೇ ಜಾಮೀನನ್ನೂ ಸೇರಿಸಿ ಬ್ಯಾಂಕಿನೊಂದಿಗೆ ಮಾತಾಡಿ, ಒಪ್ಪಿದ್ದನ್ನು ಬರವಣಿಗೆಯಲ್ಲಿ ಪಡೆಯಿರಿ. ಅದಕ್ಕೂ ಮುಂಚೆ ಜಾಮೀನು ಪತ್ರವನ್ನು ಹುಡುಕಿ ತೆಗೆಯಿರಿ. ಅದರಲ್ಲಿ ಮೊತ್ತದ ಮಿತಿ ಇದೆಯೇ, ಸಂಗಾತಿಯ ಸಹಿಯೂ ಇದೆಯೇ ಎಂದು ನೋಡಿಕೊಂಡೇ ವಕೀಲರ ಬಳಿ ಹೋಗಿ.