ಬೇಸಿಗೆ ರಜೆಯ ಹರೆಯದ ಪ್ರೀತಿಯ ಮೇಲೆ ಕನ್ನಡದಲ್ಲಿ ಕಂಟ್ರಿ ಹಾಡು ಬರೆಯುವುದು ಹೇಗೆ?

ಮೊದಲು ಹೃದಯ, ಕನಸು, ಚಂದ್ರ ಈ ಮೂರನ್ನೂ ಪಕ್ಕಕ್ಕಿಡಿ. ನನ್ನ ಮೊದಲ ಹಾಡಿನಲ್ಲಿ ಚಂದ್ರ ನಾಲ್ಕು ಸಲ ಬಂದಿದ್ದ!

ಕಂಟ್ರಿ ಅಂದರೆ ಅಮೆರಿಕದ ದಕ್ಷಿಣ ಭಾಗದ ಹಳ್ಳಿಗಾಡಿನಲ್ಲಿ ಬೆಳೆದ ಹಾಡು. ಅಲ್ಲಿ ಕಥೆಯೇ ಜೀವ. ಅವರು ಪಿಕಪ್ ಟ್ರಕ್, ಮಣ್ಣಿನ ರಸ್ತೆ, ಹೊಳೆ ದಂಡೆ ಅಂತ ಬರೆಯುತ್ತಾರೆ. ಧಾರವಾಡದವರು ಪಿಕಪ್ ಟ್ರಕ್ ಯಾಕೆ ತರಬೇಕು? ನಮಗೆ ಸಾಧನಕೇರಿ ಕೆರೆಯ ದಂಡೆ ಇದೆಯಲ್ವಾ?

ಒಂದೇ ಒಂದು ಸಂಜೆ ಹಿಡಿಯಿರಿ. ಮೇ ತಿಂಗಳು. ಅವಳು ಕಾಲೇಜು ರಜೆಗೆ ಅಜ್ಜಿ ಮನೆಗೆ ಬಂದಿದ್ದಾಳೆ. ಇಬ್ಬರಿಗೂ ಸೇರಿ ಒಂದೇ ಗಿರ್ಮಿಟ್ಟು, ಜೊತೆಗೆ ಮಿರ್ಚಿ. ಖಾರಕ್ಕೆ ಅವಳ ಕಣ್ಣಲ್ಲಿ ನೀರು, ಆದರೂ ನಗುತ್ತಿದ್ದಾಳೆ. ಮೊದಲ ಚರಣ ಆಯಿತು.

ಪಲ್ಲವಿಗೆ ಒಂದು ಸಾಲು ಸಾಕು: "ರೋಹಿಣಿ ಮಳಿ ಬರೂಮಟಾ ಇರ್ತಿಯೇನ?" ಮೊದಲ ಸಲ ಹುಡುಗ ಇದನ್ನು ತಮಾಷೆಗೆ ಕೇಳುತ್ತಾನೆ. ರೋಹಿಣಿ ಮಳೆ ಹಿಡಿಯುವುದು ಮೇ 25ರ ಸುಮಾರಿಗೆ, ರಜೆ ಮುಗಿಯುವ ಹೊತ್ತಿಗೆ. ಕೊನೆಯ ಚರಣದಲ್ಲಿ ಮಳೆ ಬಂದಿದೆ, ಅವಳಿಲ್ಲ. ಅದೇ ಸಾಲನ್ನು ಒಂದಕ್ಷರ ಬದಲಿಸದೆ ಹಾಡಿ. ಕಂಟ್ರಿ ಹಾಡಿನವರು ಜಾಸ್ತಿ ಬಳಸುವ ಜಾಣ್ಮೆ ಇದು. "ಬರುವವರೆಗೆ ಇರುವೆಯಾ" ಅಂತ ಮಾತ್ರ ಬರೆಯಬೇಡಿ, ಪಠ್ಯಪುಸ್ತಕ ಆಗುತ್ತದೆ.

ಗಿಟಾರಿಗೆ ಜಿ, ಸಿ, ಡಿ ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಸುಮ್ನೆ ನಾಲ್ಕನೆಯದು ಹುಡುಕಬೇಡಿ.