ಪಿಕಪ್ಪಿಗೆ ಕವರ್, ಹಿಂದೆ ಫಿಫ್ತ್ ವೀಲ್ ಟ್ರೇಲರ್: ಎರಡೂ ಹೊಂದುತ್ತವಾ?

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ಹಳೆಯದೊಂದು ಫಿಫ್ತ್ ವೀಲ್ ಟ್ರೇಲರ್ (ಮೂತಿ ಪಿಕಪ್ಪಿನ ಹಿಂಭಾಗದ ಮೇಲೆ ಚಾಚಿಕೊಳ್ಳುವಂಥದ್ದು) ಕೊಂಡಿದ್ದೇವೆ. ಎಳೆಯಲು ಫೋರ್ಡ್ ಎಫ್-250 ಪಿಕಪ್ ಇದೆ, ಅದರ ಬೆಡ್ (ಹಿಂದೆ ಸಾಮಾನು ತುಂಬುವ ಜಾಗ) 6.75 ಅಡಿ. ಬೆಡ್‌ಗೆ ಗಟ್ಟಿ ಕವರ್ ಒಳ್ಳೆಯದಾ, ಮೆತ್ತನೆಯದಾ? ಹಿಚ್ (ಟ್ರೇಲರ್ ಸಿಕ್ಕಿಸಲು ಬೆಡ್ ಒಳಗೆ ಕೂರಿಸುವ ಕೊಂಡಿ) ಬಿಚ್ಚದೆ ಕವರ್ ಮುಚ್ಚಬಹುದಾ?

ಉತ್ತರ: ಅಂಗಡಿಯವರು ಕವರ್ ಮುಚ್ಚಿ ತೋರಿಸುತ್ತಾರೆ. ನೀವು ತೆರೆಸಿ ನೋಡಿ. ಟ್ರೇಲರ್ ಎಳೆಯುವಾಗ ಅದು ತೆರೆದೇ ಇರಬೇಕು ಅಲ್ವಾ? ತೆರೆದಾಗ ಅದು ಎಲ್ಲಿ ಕೂರುತ್ತದೆ, ಎಷ್ಟು ಎತ್ತರ ನಿಲ್ಲುತ್ತದೆ ಅನ್ನುವುದೇ ಮುಖ್ಯ.

ಮೊದಲು ಟ್ರೇಲರ್ ಜೋಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಬೆಡ್‌ನ ಪಕ್ಕದ ಅಂಚಿನಿಂದ ಟ್ರೇಲರ್ ತಳಕ್ಕೆ ಎಷ್ಟು ಸಂದಿಯಿದೆ ಅಂತ ಟೇಪ್ ಹಿಡಿದು ಅಳೆಯಿರಿ. ಸುಮಾರು 6 ಇಂಚು ಇರಬೇಕು. ಕವರ್‌ನ ಹಳಿ (ಕವರ್ ಕೂರುವ ಪಕ್ಕದ ಪಟ್ಟಿ) ಅಂಚಿನ ಮೇಲೆ ಒಂದಿಂಚು ಎದ್ದರೆ ನಿಮಗೆ ಉಳಿಯುವುದು 5. ಹಾಗಾಗಿ ಹಳಿ ಅಂಚಿನ ಒಳಗಡೆ ಕೂರುವ ಕವರ್ ನೋಡಿ.

ಸಮತಟ್ಟಿನಲ್ಲಿ 6 ಇಂಚು ಇದ್ದರೂ ರಸ್ತೆಯಲ್ಲಿ ಅದು ಹಾಗೇ ಇರುವುದಿಲ್ಲ. ಗ್ಯಾಸ್ ಸ್ಟೇಷನ್ನಿನ ಏರು ಹತ್ತುವಾಗ ಟ್ರಕ್ಕಿನ ಮೂತಿ ಮೇಲಾಗುತ್ತದೆ, ಟ್ರೇಲರ್ ಇನ್ನೂ ರಸ್ತೆಯಲ್ಲೇ ಇರುತ್ತದೆ. ಆಗ ಕ್ಯಾಬ್‌ಗೆ (ಡ್ರೈವರ್ ಕೂರುವ ಕಡೆಗೆ) ಹತ್ತಿರವಿರುವ ಬೆಡ್‌ನ ಭಾಗ ಟ್ರೇಲರ್ ಮೂತಿಯ ಕಡೆಗೆ ಏಳುತ್ತದೆ. ಮಡಚಿದ ಕವರ್ ಕೂತಿರುವುದೂ ಅಲ್ಲೇ! ಅದರ ಜೊತೆಗೆ ಸ್ಟೀರಿಂಗ್ ಜೋರಾಗಿ ತಿರುಗಿಸಿದಿರೋ, ಟ್ರೇಲರ್ ಮೂಲೆ ಕ್ಯಾಬ್ ಕಡೆಗೇ ಬರುತ್ತದೆ.

ಈ ಕಾರಣಕ್ಕೆ ಮೂರು ಮಡಿಕೆಯ ಗಟ್ಟಿ ಕವರ್ ನಿಮಗೆ ನಾನು ಹೇಳುವುದಿಲ್ಲ. ಮಡಚಿದರೆ ಹಲಗೆ ಪೇರಿಸಿದ ಹಾಗೆ ಕ್ಯಾಬ್ ಹಿಂದೆ ಎದ್ದು ನಿಲ್ಲುತ್ತದೆ. ಪ್ರತಿ ಸಲ ಬಿಚ್ಚಿ ಗ್ಯಾರೇಜಿನಲ್ಲಿಡುವ ತಾಳ್ಮೆ ಇದ್ದರೆ ಸರಿ. ಪೆಟ್ಟಿಗೆ ಮುಚ್ಚಳದಂತೆ ಎತ್ತುವ ಒಂದೇ ತುಂಡಿನ ಕವರ್ ಅಂತೂ ಬೇಡವೇ ಬೇಡ.

ಅಂಗಡಿಯ ರೋಲಿಂಗ್ ಶಟರ್ ಥರ ಒಳಗೆ ಸುತ್ತಿಕೊಳ್ಳುವ ಕವರ್ ನೋಡಲು ಚೆಂದ, ಅಂಚಿನ ಮೇಲೆ ಏನೂ ಉಳಿಯುವುದಿಲ್ಲ. ಆದರೆ ಅದರ ಡಬ್ಬಿ ಬೆಡ್‌ನ ಮುಂಭಾಗದಲ್ಲಿ ಹತ್ತಿರ ಹತ್ತಿರ ಒಂದಡಿ ಜಾಗ ನುಂಗುತ್ತದೆ. ನಿಮ್ಮದು ಗಿಡ್ಡ ಬೆಡ್. ತಿರುವಿಗೋಸ್ಕರ ಹಿಂದಕ್ಕೆ ಸರಿಯುವ ಸ್ಲೈಡರ್ ಹಿಚ್ ಇದ್ದರೆ ಅದರ ಚೌಕಟ್ಟಿಗೂ ಡಬ್ಬಿಗೂ ತಾಗುತ್ತದಾ ಅಂತ ಅಳೆದೇ ದುಡ್ಡು ಕೊಡಿ. ಡಬ್ಬಿಯಿಂದ ನೀರು ಹೋಗುವ ಕೊಳವೆಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ಮಳೆ ನೀರು ಬೆಡ್ ಒಳಗೇ ಬೀಳುತ್ತದೆ.

ನನ್ನ ಆಯ್ಕೆ ಚಾಪೆಯಂತೆ ಸುತ್ತುವ ಮೆತ್ತನೆ ಕವರ್. ಸುತ್ತಿ ಕ್ಯಾಬ್ ಪಕ್ಕ ಪಟ್ಟಿ ಬಿಗಿದರೆ ಆಯಿತು. ಆ ಸುರುಳಿಗೂ ದಪ್ಪವಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಚಾಕು ಹಾಕಿದರೆ ಹರಿಯುತ್ತದೆ ನಿಜ. ಬೆಲೆಬಾಳುವ ಸಾಮಾನು ಕ್ಯಾಬ್ ಒಳಗಿರಲಿ.

ಇನ್ನು ಹಿಚ್. ಕೆಲವು ಹಿಚ್ ಬೆಡ್ ಅಂಚಿಗಿಂತ ಕೆಳಗೇ ಉಳಿಯುತ್ತವೆ, ಆಗ ಬಿಚ್ಚದೆಯೇ ಮುಚ್ಚಬಹುದು. ನಿಮ್ಮದು ಮೇಲೆ ಬರುತ್ತಿದ್ದರೆ ಕವರ್‌ಗೋಸ್ಕರ ಹಿಚ್ ಎತ್ತರ ಇಳಿಸಲು ಹೋಗಬೇಡಿ. ಇಳಿಸಿದರೆ ಟ್ರೇಲರ್ ಮೂತಿಯೂ ಕೆಳಗಿಳಿಯುತ್ತದೆ, ಆ 6 ಇಂಚು ಹೋಯಿತು. ಅದರ ಬದಲು ಪಿನ್ ಎಳೆದು ಎರಡು ತುಂಡಾಗಿ ಎತ್ತುವ ಹಿಚ್ಚೋ, ಹಗುರವಾದ ಅಲ್ಯುಮಿನಿಯಂ ಹಿಚ್ಚೋ ಹಾಕಿಸಿ. ಹಳೇ ಕಬ್ಬಿಣದ್ದಾದರೆ ಒಬ್ಬರೇ ಎತ್ತಬೇಡಿ, ಸೊಂಟ ಹಿಡಿದುಕೊಳ್ಳುತ್ತದೆ.